ಕುಡುಕನನ್ನು ಶಪಿಸುವ ಮುನ್ನ

ಒಂದು ಬಡಾವಣೆಯಲ್ಲಿ ಬಾರ್ ಇರಬೇಕೋ ಬೇಡವೋ ಎಂಬುದು ಮೇಲ್ನೋಟಕ್ಕೆ ಅಬಕಾರಿ ಇಲಾಖೆಗೆ ಸೇರಿದ ಪ್ರಶ್ನೆ. ಪರವಾನಗಿ ಇದ್ದರೆ ಬಾಗಿಲು ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ. ಆದರೆ ಅಂಥದೊಂದು ಬಾರಿನ ಸುತ್ತ ಬದುಕುವವರನ್ನು ಮಾತಿಗೆಳೆದು ನೋಡಿದರೆ ಸಂಗತಿ ಅಷ್ಟು ಸರಳವಾಗಿಲ್ಲ ಎಂದು ತಿಳಿಯುತ್ತದೆ. ಒಬ್ಬರಿಗೆ ಅದು ಊರಿನ ಹುಣ್ಣು. ಇನ್ನೊಬ್ಬರಿಗೆ ದಿನದ ದಣಿವು ಇಳಿಸುವ ಏಕೈಕ ಜಾಗ. ಮತ್ತೊಬ್ಬರಿಗೆ ತಿಂಗಳ ಬಾಡಿಗೆ. ಇಷ್ಟೊಂದು ಅಭಿಪ್ರಾಯಗಳಿರುವಾಗ, ಮದ್ಯವನ್ನು ಸ್ಪಷ್ಟವಾಗಿ ನಿಷಿದ್ಧವೆಂದು ನಂಬುವ ನಾವು ಏನು ಹೇಳಬೇಕು? ನಿಷಿದ್ಧ ಎಂದಷ್ಟೇ ಹೇಳಿ ಮುಂದಕ್ಕೆ ಹೋದರೆ ನಮ್ಮ ಹೊಣೆ ಮುಗಿಯಿತೇ?

ಬೆಂಗಳೂರಿನ ಪಶ್ಚಿಮಕ್ಕೆ, ಮೈಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವಲ್ಲಿ ನಾಯಂಡಹಳ್ಳಿ ಇದೆ. ಹೆಸರಿನಲ್ಲಿ ಮಾತ್ರ ಹಳ್ಳಿ ಉಳಿದಿದೆ. ಒಂದು ಕಾಲಕ್ಕೆ ನದಿಯಾಗಿದ್ದ ವೃಷಭಾವತಿ ಈಗ ಕೊಳಚೆ ಹೊತ್ತು ಪಕ್ಕದಲ್ಲೇ ಹರಿಯುತ್ತದೆ. ಮೈಸೂರು ಕಡೆಯ ರೈಲು ಹಳಿ ಇದೆ, ಮೇಲ್ಸೇತುವೆ ಇದೆ, 2021ರ ಆಗಸ್ಟ್‌ನಲ್ಲಿ ಕೆಂಗೇರಿಯವರೆಗೆ ಓಡತೊಡಗಿದ ಮೆಟ್ರೊ ಇದೆ. ಇವುಗಳ ಸಂದಿಯಲ್ಲಿ ಹಳೆಯ ಪ್ಲಾಸ್ಟಿಕ್ಕನ್ನು ಕೊಂಡು, ಬಣ್ಣವಾರು ಬೇರ್ಪಡಿಸಿ, ತೊಳೆದು, ಪುಡಿಮಾಡಿ ಮಾರುವ ಗುಜರಿ ಶೆಡ್ಡುಗಳಿವೆ. ಈ ವ್ಯಾಪಾರದಲ್ಲಿ ಮುಸ್ಲಿಮರು ಬಹಳ ಜನ. ದುಡಿಯುವವರು ಉತ್ತರ ಕರ್ನಾಟಕದಿಂದಲೂ ಹೊರರಾಜ್ಯಗಳಿಂದಲೂ ಬಂದವರು. ಲಾರಿ ಚಾಲಕರು, ಹಮಾಲಿಗಳು, ಗಾರೆ ಕೆಲಸದವರು, ಆಟೊದವರು ಇಲ್ಲಿ ಹಾದುಹೋಗುತ್ತಾರೆ ಅಥವಾ ಇಲ್ಲೇ ತಂಗುತ್ತಾರೆ. ಇಂಥ ಜಾಗದಲ್ಲಿ ಬಾರ್ ಹುಟ್ಟಿಕೊಳ್ಳದೆ ಇರುತ್ತದೆಯೇ? ಮೈಸೂರು ರಸ್ತೆಯುದ್ದಕ್ಕೂ ಅವು ಇವೆ. ಯಾವುದೋ ಒಂದು ಬಾರನ್ನು ಬೊಟ್ಟು ಮಾಡುವುದು ನಮ್ಮ ಉದ್ದೇಶವಲ್ಲ. ಓದುಗರಿಗೆಲ್ಲ ಇಂಥ ಬಾರ್ ಗೊತ್ತು. ಹಗಲಲ್ಲೂ ಮಬ್ಬು ಬೆಳಕು, ನಿಂತೇ ಕುಡಿಯುವ ಕಟ್ಟೆ, ಪ್ಲಾಸ್ಟಿಕ್ ಲೋಟ, ನೀರಿನ ಪೊಟ್ಟಣ, ಉಪ್ಪಿನಕಾಯಿ, ಬೇಯಿಸಿದ ಕಡಲೆಕಾಯಿ. ಹೊರಗೆ ಗೋಡೆಗೆ ಮೂತ್ರದ ವಾಸನೆ. ರಾತ್ರಿ ಹತ್ತರ ಮೇಲೆ ಒಂದಲ್ಲ ಒಂದು ಜಗಳ.

ಈ ಬಾರಿನ ಬಗ್ಗೆ ಕೇಳಿಬರುವ ಮಾತುಗಳನ್ನು ಮೊದಲು ಒಂದೆಡೆ ಇಟ್ಟು ನೋಡೋಣ.

ಮನೆಗೆಲಸಕ್ಕೋ ಗಾರ್ಮೆಂಟ್ಸಿಗೋ ಹೋಗುವ ಹೆಣ್ಣುಮಕ್ಕಳು ಹೇಳುವುದು ಒಂದೇ ಮಾತು: ಮುಚ್ಚಿಸಿ. ಅವರಿಗೆ ಸಂಜೆಯ ದಾರಿ ಸುರಕ್ಷಿತವಾಗಿರಬೇಕು, ಬಟವಾಡೆಯ ದಿನ ಹಣ ಮನೆಗೆ ಬರಬೇಕು. ನಮಾಜಿಗೆ ಹೋಗುವ ಹಿರಿಯರೂ ಮುಚ್ಚಿಸಿ ಎನ್ನುತ್ತಾರೆ, ದೇವಸ್ಥಾನದ ಸಮಿತಿಯವರೂ ಅದನ್ನೇ ಅನ್ನುತ್ತಾರೆ. ಬೇರೆ ವಿಷಯಗಳಲ್ಲಿ ಮುಖ ನೋಡದವರು ಈ ಒಂದು ಅರ್ಜಿಗೆ ಜೊತೆಯಾಗಿ ಸಹಿ ಹಾಕುವುದುಂಟು. ಅಪಾರ್ಟ್‌ಮೆಂಟುಗಳಿಗೆ ಹೊಸದಾಗಿ ಬಂದವರ ದೂರು ಬೇರೆ ಬಗೆಯದು. ಈ ಬಾರಿನಿಂದ ಏರಿಯಾದ ಹೆಸರು ಕೆಡುತ್ತದೆ, ಸೈಟಿನ ಬೆಲೆ ಇಳಿಯುತ್ತದೆ ಎಂಬುದು ಅವರ ಚಿಂತೆ. ಪಕ್ಕದ ಬೀಡಾ ಅಂಗಡಿಯವನು, ಕಬಾಬ್ ಗಾಡಿಯವನು ಬಾಯಿ ಬಿಡುವುದಿಲ್ಲ, ಅವರ ವ್ಯಾಪಾರ ನಿಂತಿರುವುದೇ ಆ ಬಾಗಿಲಿನ ಮೇಲೆ. ಕುಡಿಯಲು ಹೋಗುವವನ ವಾದವೂ ಇದೆ. ದಿನವಿಡೀ ಮೂಟೆ ಹೊತ್ತ ಮೈ ನೋಯುತ್ತದೆ, ಹತ್ತು ಜನ ಮಲಗುವ ಕೋಣೆಯಲ್ಲಿ ಕಾಲು ಚಾಚಲು ಜಾಗವಿಲ್ಲ, ಕೂತು ನಾಲ್ಕು ಮಾತಾಡಲು ನನಗೆ ಬೇರೆ ಎಲ್ಲಿ ಜಾಗ ಕೊಟ್ಟಿದ್ದೀರಿ ಎಂದು ಅವನು ಕೇಳುತ್ತಾನೆ. ಇನ್ನು ಓದಿಕೊಂಡ ಕೆಲವರು ಇದನ್ನೇ ಹಿಗ್ಗಿಸಿ, ಜಾತಿ ಧರ್ಮ ಕೇಳದೆ ಎಲ್ಲರನ್ನೂ ಒಂದೇ ಬೆಂಚಿನ ಮೇಲೆ ಕೂರಿಸುವ ಕೊನೆಯ ಜಾಗ ಇದು ಎಂದು ಹೊಗಳುತ್ತಾರೆ.

ಇವುಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಹಾಗೆಂದು ಎಲ್ಲವೂ ಒಂದೇ ತೂಕದವೂ ಅಲ್ಲ. ತೂಗುವುದು ಹೇಗೆ ಎಂಬುದೇ ಇಲ್ಲಿರುವ ನೈತಿಕ ಪ್ರಶ್ನೆ.

ಕನ್ನಡದಲ್ಲಿ ಒಂದು ಗಾದೆಯಿದೆ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅನ್ನುತ್ತಾರೆ. ಜನರ ಕಣ್ಣಿಗೆ ಬೀಳುವುದು ಲೋಟದಲ್ಲಿ ಏನಿದೆ ಎಂಬುದಕ್ಕಿಂತ ಮರ ಯಾವುದು ಎಂಬುದು. ಇದನ್ನು ತಿರುಗಿಸಿಯೂ ಹೇಳಬಹುದು: ಬೇರೆ ಮರದ ಕೆಳಗೆ ಕೂತು ಹೆಂಡ ಕುಡಿದರೆ ಅದನ್ನು ಮಜ್ಜಿಗೆ ಎನ್ನಲೂ ನಾವು ತಯಾರು. ಬೆಂಗಳೂರಿಗೆ ಪಬ್ ನಗರಿ ಎಂಬ ಹೆಸರು ಬಂದು ದಶಕಗಳಾದವು, ಆ ಹೆಸರನ್ನು ಹೆಮ್ಮೆಯಿಂದ ಹೇಳಿಕೊಂಡವರೇ ಹೆಚ್ಚು. ಅದೇ ದ್ರವ ಎಂ.ಜಿ. ರಸ್ತೆಯ ಗಾಜಿನ ಬಾಗಿಲ ಹಿಂದೆ ಇದ್ದರೆ ಸಂಸ್ಕೃತಿ, ನಾಯಂಡಹಳ್ಳಿಯ ಟ್ಯೂಬ್‌ಲೈಟಿನ ಕೆಳಗೆ ಇದ್ದರೆ ಕಿಡಿಗೇಡಿತನ. ಕ್ಲಬ್ಬಿನಲ್ಲಿ ಕುಡಿದವನನ್ನು ಅವನ ಚಾಲಕ ಮನೆಗೆ ಮುಟ್ಟಿಸುತ್ತಾನೆ, ಗುಜರಿ ಶೆಡ್ಡಿನವನು ಚರಂಡಿಯ ಪಕ್ಕ ಬೀಳುತ್ತಾನೆ. ನಮಗೆ ಕಾಣುವುದು ಬಿದ್ದವನು ಮಾತ್ರ. ಹಾಗಾದರೆ ನಮ್ಮ ಆಕ್ಷೇಪ ಕುಡಿತದ ಮೇಲೋ, ಬಡತನದ ವಾಸನೆಯ ಮೇಲೋ? ಹೇಸಿಗೆಯನ್ನೇ ನಾವು ನೀತಿ ಎಂದು ತಿಳಿದುಕೊಂಡಿರುವ ಸಾಧ್ಯತೆ ಇದೆ. ಸೈಟಿನ ಬೆಲೆಯ ಚಿಂತೆಯಿಂದ ಬಾರ್ ಮುಚ್ಚಿಸ ಹೊರಟವನಿಗೆ ಅದು ಎರಡು ಕಿಲೋಮೀಟರ್ ದೂರದ ಇನ್ನೊಂದು ಬಡ ಬೀದಿಗೆ ಹೋದರೆ ತೃಪ್ತಿ. ಅಲ್ಲಿಯೂ ಹೆಂಗಸರಿದ್ದಾರೆ, ಮಕ್ಕಳಿದ್ದಾರೆ ಎಂಬುದು ಅವನ ಲೆಕ್ಕಕ್ಕೆ ಬರುವುದಿಲ್ಲ.

ಕಾನೂನು ಈ ಪ್ರಶ್ನೆಯನ್ನು ಟೇಪು ಹಿಡಿದು ಅಳೆಯುತ್ತದೆ. ಕರ್ನಾಟಕದ ಅಬಕಾರಿ ನಿಯಮಗಳ ಪ್ರಕಾರ ಪೂಜಾ ಸ್ಥಳ, ಶಾಲೆ, ಆಸ್ಪತ್ರೆ, ಸರಕಾರಿ ಕಚೇರಿಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿಗೆ ಪರವಾನಗಿ ಕೊಡುವಂತಿಲ್ಲ. ಪರಿಶಿಷ್ಟ ಜಾತಿ, ಪಂಗಡದವರು ಹೆಚ್ಚಾಗಿ ವಾಸಿಸುವ ಕೇರಿಗಳಿಗೂ ರಕ್ಷಣೆ ಇದೆ. ಒಳ್ಳೆಯದೇ. ಆದರೆ ಮಸೀದಿಯಿಂದ 101ನೇ ಮೀಟರಿಗೆ ಬಾರ್ ತೆರೆದರೆ ಮಸೀದಿಯ ಗೌರವ ಉಳಿಯಿತು ಎಂದು ನಾವೂ ನೆಮ್ಮದಿ ಪಡುತ್ತೇವೆ. ಆ ಬಾರಿಗೆ ಗೋಡೆ ಹಂಚಿಕೊಂಡ ಮನೆಯ ಹೆಂಗಸಿಗೆ ಎಷ್ಟು ಮೀಟರ್?

2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರಕೂಡದು ಎಂದು ತೀರ್ಪಿತ್ತಿತು. ಕುಡಿದು ವಾಹನ ಓಡಿಸಿ ಸಾಯುವವರನ್ನೂ ಸಾಯಿಸುವವರನ್ನೂ ತಡೆಯುವುದು ಅದರ ಉದ್ದೇಶ. ಬೆಂಗಳೂರಿನಲ್ಲಿ 2017ರ ಜುಲೈ ಆರಂಭದಲ್ಲಿ ನೂರಾರು ಬಾರ್‌ಗಳ ಬಾಗಿಲು ಮುಚ್ಚಿತು. ಆಗ ನಡೆದ ಚರ್ಚೆಯನ್ನು ನೆನಪಿಸಿಕೊಳ್ಳಬೇಕು. ನಗರದೊಳಗಿನ ರಸ್ತೆಗಳನ್ನು ಹೆದ್ದಾರಿಯ ಪಟ್ಟಿಯಿಂದಲೇ ಕೈಬಿಡುವ ಪ್ರಯತ್ನ ನಡೆಯಿತು. ಕುಡಿತ ಅಲ್ಲೇ ಇರಲಿ, ರಸ್ತೆಯ ಹೆಸರು ಬದಲಾಗಲಿ ಎಂಬ ಪರಿಹಾರ! ಅದೇ ಜುಲೈನಲ್ಲಿ ನ್ಯಾಯಾಲಯವೇ ಆ ನಿರ್ಬಂಧ ನಗರ ಮಿತಿಯೊಳಗಿನ ಮಳಿಗೆಗಳಿಗೆ ಅನ್ವಯಿಸದು ಎಂದು ಸ್ಪಷ್ಟಪಡಿಸಿತು. ಬಾಗಿಲುಗಳು ಮತ್ತೆ ತೆರೆದವು. ಆ ವಾರಗಳಲ್ಲಿ ಪತ್ರಿಕೆಗಳಲ್ಲಿ ವರಮಾನದ ನಷ್ಟ, ಉದ್ಯೋಗ ನಷ್ಟ, ರಾತ್ರಿ ಬದುಕಿನ ನಷ್ಟದ ಬಗ್ಗೆ ಸಾಕಷ್ಟು ಚರ್ಚೆಯಾಯಿತು. ಬಾಗಿಲು ಮುಚ್ಚಿದ ದಿನಗಳಲ್ಲಿ ಎಷ್ಟು ಮನೆಗಳಲ್ಲಿ ನೆಮ್ಮದಿಯ ಊಟವಾಯಿತು ಎಂದು ಕೇಳಿದವರು ವಿರಳ.

ಈಗ ಬಾರನ್ನು ಹೊಗಳುವವರ ಮಾತಿಗೆ ಬರೋಣ. ಕುಡುಕನನ್ನು ಮನುಷ್ಯನಾಗಿ ಕಾಣುವ ದೊಡ್ಡ ಪರಂಪರೆ ಕನ್ನಡಕ್ಕಿದೆ. ಹನ್ನೆರಡನೆಯ ಶತಮಾನದ ಶರಣರ ಸಾಲಿನಲ್ಲಿ ಹೆಂಡದ ಮಾರಯ್ಯ ಇದ್ದಾನೆ. ಹೆಂಡ ಮಾರುವ ಕಾಯಕ ಅವನ ಹೆಸರಿಗೇ ಅಂಟಿಕೊಂಡಿದೆ, ಅವನ ವಚನಗಳು ಇಂದಿಗೂ ಉಳಿದಿವೆ. ಜಿ.ಪಿ. ರಾಜರತ್ನಂ ಸ್ವತಃ ಕುಡಿಯದವರು, ಆದರೆ ಎಂಡ್ಕುಡ್ಕ ರತ್ನನನ್ನು ಸೃಷ್ಟಿಸಿ ಅವನ ಬಾಯಲ್ಲಿ ಪ್ರೀತಿಯನ್ನೂ ನಾಡುನುಡಿಯ ಅಭಿಮಾನವನ್ನೂ ಹಾಡಿಸಿದರು. ಕನ್ನಡಿಗರು ಆ ಕುಡುಕನನ್ನು ಮನೆಮಗನಂತೆ ಒಪ್ಪಿಕೊಂಡರು. ಕುಡಿಯದ ಒಬ್ಬ ಮನುಷ್ಯ ಕುಡಿಯುವವನ ಎದೆಯೊಳಗೆ ಇಳಿಯಬಲ್ಲ, ಅದಕ್ಕಾಗಿ ಅವನು ಲೋಟ ಮುಟ್ಟಬೇಕಾಗಿಲ್ಲ ಎಂಬುದನ್ನು ಇದು ತೋರಿಸುತ್ತದೆ. ನಮ್ಮಂಥವರಿಗೆ ಇದು ಬಹಳ ಮುಖ್ಯವಾದ ಪಾಠ.

ಆದರೆ ಪದ್ಯದ ಕುಡುಕ ಬೇರೆ, ಪಕ್ಕದ ಮನೆಯ ಕುಡುಕ ಬೇರೆ. ಪದ್ಯದಲ್ಲಿ ನಂಜಿ ರತ್ನನ ಪ್ರೀತಿಯ ಮಡದಿ. ಪಕ್ಕದ ಮನೆಯಲ್ಲಿ ಅವಳಿಗೆ ತನ್ನದೇ ಕಥೆ ಇದೆ, ಅದನ್ನು ಅವಳು ಹೇಳಬೇಕು. ಬಾರಿನ ಬೆಂಚಿನ ಮೇಲೆ ಜಾತಿ ಧರ್ಮ ಇಲ್ಲ ಎನ್ನುವುದು ಅರ್ಧ ನಿಜ. ಹಿಂದೂ ಲಾರಿ ಚಾಲಕನೂ ಮುಸ್ಲಿಂ ಹಮಾಲಿಯೂ ಒಂದೇ ತಟ್ಟೆಯ ಕಡಲೆಕಾಯಿ ತಿನ್ನುವುದು ಅಲ್ಲಿ ಸಾಧ್ಯ, ಅದೇ ಇಬ್ಬರು ಬಾಡಿಗೆ ಮನೆ ಹುಡುಕುವಾಗ ಒಂದೇ ಕಟ್ಟಡದಲ್ಲಿ ಇರಲಾರರು. ಇದನ್ನು ನೋಡಿ ನಾವು ನಾಚಿಕೊಳ್ಳಬೇಕಾದ್ದು ನಿಜ. ಅಮಲಿನಲ್ಲಿ ಸಿಗುವ ಸಮಾನತೆ ಎಚ್ಚರದಲ್ಲಿ ಯಾಕೆ ಸಿಗುತ್ತಿಲ್ಲ ಎಂಬ ಪ್ರಶ್ನೆಗೆ ಮಸೀದಿ, ಮಂದಿರ, ಚರ್ಚುಗಳೆಲ್ಲ ಉತ್ತರ ಕೊಡಬೇಕು. ಆದರೂ ಆ ಬೆಂಚಿನ ಮೇಲೆ ಹೆಣ್ಣಿಗೆ ಜಾಗ ಇಲ್ಲ, ಮಕ್ಕಳಿಗೆ ಜಾಗ ಇಲ್ಲ. ಬೆಂಚಿನ ಖರ್ಚು ಕೊಡುವವರು ಮಾತ್ರ ಅವರೇ. ದಿನಕ್ಕೆ ನೂರು ರೂಪಾಯಿಯ ಕುಡಿತ ಎಂದರೂ ತಿಂಗಳಿಗೆ ಮೂರು ಸಾವಿರವಾಯಿತು. ಆ ಮೂರು ಸಾವಿರದಲ್ಲಿ ಒಂದು ಮಗುವಿನ ಹಾಲಿದೆ, ಶಾಲೆಯ ಶುಲ್ಕವಿದೆ, ಔಷಧಿಯಿದೆ.

ಆದ್ದರಿಂದ ಅಭಿಪ್ರಾಯಗಳನ್ನು ತೂಗುವ ಮೊದಲ ನಿಯಮ ಇದಾಗಿರಬೇಕೆಂದು ನಮಗೆ ತೋರುತ್ತದೆ: ಬೆಲೆ ತೆರುವವರ ಮಾತಿಗೆ ಮೊದಲ ಸ್ಥಾನ. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಹೆಸರಿನಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದುಬಂದರು. ರಾಯಚೂರು ಮೊದಲಾದ ಜಿಲ್ಲೆಗಳ, ಕೂಲಿ ಮಾಡಿ ಬದುಕುವ ಹೆಂಗಸರು ಅವರು. ಅವರಲ್ಲಿ ಯಾರಿಗೂ ಸೈಟಿನ ಬೆಲೆಯ ಚಿಂತೆ ಇರಲಿಲ್ಲ, ಸಂಸ್ಕೃತಿ ರಕ್ಷಣೆಯ ಗುತ್ತಿಗೆಯೂ ಇರಲಿಲ್ಲ. ಅದಕ್ಕೆ ಹತ್ತು ವರ್ಷ ಮೊದಲು, 2009ರ ಜನವರಿ 24ರಂದು, ಮಂಗಳೂರಿನ ಪಬ್ ಒಂದಕ್ಕೆ ನುಗ್ಗಿದ ಗುಂಪು ಸಂಸ್ಕೃತಿಯ ಹೆಸರಿನಲ್ಲಿ ಯುವತಿಯರನ್ನು ಹೊಡೆದದ್ದನ್ನು ನಾಡು ಕಂಡಿದೆ. ಎರಡೂ ಮದ್ಯದ ವಿರುದ್ಧ ಎತ್ತಿದ ದನಿ ಎಂದು ಯಾರಾದರೂ ಒಂದೇ ಪಟ್ಟಿಗೆ ಸೇರಿಸಿದರೆ ಅದು ಅನ್ಯಾಯ. ಚಿತ್ರದುರ್ಗದಿಂದ ನಡೆದವರು ತಮ್ಮ ಬದುಕಿನ ನೋವನ್ನು ಮುಂದಿಟ್ಟು ನ್ಯಾಯ ಕೇಳಿದರು. ಮಂಗಳೂರಿನಲ್ಲಿ ನುಗ್ಗಿದವರು ಹೆಣ್ಣಿನ ಮೇಲೆ ಕೈ ಎತ್ತಲು ಮದ್ಯವನ್ನು ನೆಪ ಮಾಡಿಕೊಂಡರು.

ಇಸ್ಲಾಮಿನ ನಿಲುವು ಏನೆಂಬುದರಲ್ಲಿ ಗೊಂದಲವಿಲ್ಲ. ಮದ್ಯ ಹರಾಮ್. ಆದರೆ ಆ ತೀರ್ಪು ಬಂದ ರೀತಿಯನ್ನು ಗಮನಿಸಬೇಕು. ಕುರ್‌ಆನ್ ಮೊದಲು, ಮದ್ಯದಲ್ಲಿ ಜನರಿಗೆ ಕೆಲವು ಪ್ರಯೋಜನಗಳೂ ಇವೆ, ಆದರೆ ಅದರ ಕೇಡು ಪ್ರಯೋಜನಕ್ಕಿಂತ ದೊಡ್ಡದು ಎಂದು ಹೇಳಿತು. ನಂತರ ಅಮಲಿನಲ್ಲಿರುವಾಗ ನಮಾಜನ್ನು ಸಮೀಪಿಸಬೇಡಿರೆಂದಿತು. ಕೊನೆಗೆ, ಅದು ನಿಮ್ಮ ನಡುವೆ ದ್ವೇಷ ಬಿತ್ತುವ ಸೈತಾನನ ಕೆಲಸ, ದೂರವಿರಿ ಎಂದು ಆಜ್ಞಾಪಿಸಿತು. ಎದುರಿನವನ ಮಾತಿನಲ್ಲಿರುವ ಸತ್ಯಾಂಶವನ್ನು ಒಪ್ಪಿಕೊಂಡು, ಅದನ್ನು ತಕ್ಕಡಿಯಲ್ಲಿ ಇಟ್ಟು, ಆಮೇಲೆ ತೀರ್ಪು ಕೊಡುವ ಕ್ರಮ ಇದು. ಸಮಾಜ ಸಿದ್ಧವಾಗುವವರೆಗೆ ಕಾಯುವ ತಾಳ್ಮೆಯೂ ಇದರಲ್ಲಿದೆ. ನಮ್ಮ ಭಾಷಣಗಳಲ್ಲಿ ಕೊನೆಯ ಆಜ್ಞೆ ಮಾತ್ರ ಇರುತ್ತದೆ, ಮೊದಲ ಎರಡು ಮೆಟ್ಟಿಲುಗಳ ವಿವೇಕ ಇರುವುದಿಲ್ಲ.

ಸಹೀಹ್ ಬುಖಾರಿಯಲ್ಲಿ ಒಬ್ಬ ಮನುಷ್ಯನ ವೃತ್ತಾಂತವಿದೆ. ಹೆಸರು ಅಬ್ದುಲ್ಲಾ, ಜನ ಅವನನ್ನು ಕತ್ತೆ ಎಂಬ ಅಡ್ಡಹೆಸರಿನಿಂದ ಕರೆಯುತ್ತಿದ್ದರು. ಪ್ರವಾದಿ ಮುಹಮ್ಮದ್(ಸ)ರನ್ನು ನಗಿಸುತ್ತಿದ್ದ ವಿನೋದಪ್ರಿಯ. ಆದರೆ ಕುಡಿತ ಬಿಟ್ಟಿರಲಿಲ್ಲ. ಹಿಡಿದು ತರಲ್ಪಡುತ್ತಿದ್ದ, ಶಿಕ್ಷೆ ಅನುಭವಿಸುತ್ತಿದ್ದ, ಮತ್ತೆ ಕುಡಿಯುತ್ತಿದ್ದ. ಒಂದು ದಿನ ಹೀಗೆ ಶಿಕ್ಷೆಯಾದಾಗ ಅಲ್ಲಿದ್ದ ಒಬ್ಬ, ಇವನಿಗೆ ದೇವರ ಶಾಪವಿರಲಿ, ಎಷ್ಟು ಸಲ ತರಲ್ಪಡುತ್ತಾನೆ ಎಂದುಬಿಟ್ಟ. ಪ್ರವಾದಿ(ಸ)ಯವರು ತಡೆದರು. ಅವನನ್ನು ಶಪಿಸಬೇಡಿ, ಅವನು ಅಲ್ಲಾಹನನ್ನೂ ಅವನ ದೂತನನ್ನೂ ಪ್ರೀತಿಸುವವನೆಂದು ನನಗೆ ಗೊತ್ತು ಎಂದರು. ಇಂಥದೇ ಇನ್ನೊಂದು ಸಂದರ್ಭದಲ್ಲಿ, ನಿಮ್ಮ ಸಹೋದರನ ವಿರುದ್ಧ ಸೈತಾನನಿಗೆ ನೆರವಾಗಬೇಡಿ ಎಂದರು.

ಈ ವೃತ್ತಾಂತವನ್ನು ನಾವು ಅರ್ಧ ಮಾತ್ರ ಕೇಳಿಸಿಕೊಳ್ಳಬಾರದು. ಶಿಕ್ಷೆ ಇತ್ತು. ತಪ್ಪನ್ನು ತಪ್ಪಲ್ಲ ಎಂದು ಯಾರೂ ಹೇಳಲಿಲ್ಲ. ಆದರೆ ಪದೇ ಪದೇ ಎಡವಿದವನನ್ನು ಸಮುದಾಯದ ಆಚೆಗೆ ತಳ್ಳುವ ಅಧಿಕಾರ ನೋಡುತ್ತ ನಿಂತವನಿಗೆ ಸಿಗಲಿಲ್ಲ. ಕುಡಿತ ಅವನ ಒಂದು ಕೃತ್ಯ, ಅವನ ಪ್ರೀತಿಯೂ ಅಷ್ಟೇ ನಿಜ. ಒಂದು ಎದೆಯಲ್ಲಿ ಎರಡೂ ಇರಬಲ್ಲವು ಎಂದು ಪ್ರವಾದಿ(ಸ)ಯವರು ಸಾಕ್ಷಿ ನುಡಿದರು. ನಮ್ಮ ಮೊಹಲ್ಲಾಗಳಲ್ಲಿ ಆಗುವುದು ಇದಕ್ಕೆ ವಿರುದ್ಧ. ಕುಡಿಯುವವನ ಮಗಳ ಮದುವೆ ಮುರಿಯುತ್ತದೆ, ಅವನ ಮಗನಿಗೆ ಅಡ್ಡಹೆಸರು ಬೀಳುತ್ತದೆ, ಅವನು ಶುಕ್ರವಾರ ಮಸೀದಿಗೆ ಬಂದರೆ ಪಕ್ಕದವನು ಸರಿದು ನಿಲ್ಲುತ್ತಾನೆ. ಆಗ ಅವನಿಗೆ ಉಳಿಯುವ ಒಂದೇ ಜಮಾಅತ್ ಬಾರಿನದು. ಅಲ್ಲಿ ಯಾರೂ ಸರಿದು ನಿಲ್ಲುವುದಿಲ್ಲ.

ಖಲೀಫ ಉಮರ್(ರ)ರ ಬಗ್ಗೆ ಇಮಾಮ್ ಗಝಾಲಿ ಹೇಳುವ ಒಂದು ಪ್ರಸಂಗವಿದೆ. ಉಮರ್ ಒಬ್ಬನ ಮನೆಯ ಗೋಡೆ ಹತ್ತಿ ಒಳಗೆ ನೋಡಿ, ಅವನನ್ನು ಅಪರಾಧದಲ್ಲಿ ಕಂಡು ಗದರಿದರು. ಆತ, ನಾನು ಒಂದು ತಪ್ಪು ಮಾಡಿದೆ, ನೀವು ಮೂರು ಮಾಡಿದಿರಿ ಎಂದ. ಗೂಢಚಾರಿಕೆ ಮಾಡಿದಿರಿ, ಬಾಗಿಲಿನಿಂದ ಬರಲಿಲ್ಲ, ಅನುಮತಿ ಕೇಳಿ ಸಲಾಂ ಹೇಳಲಿಲ್ಲ. ಉಮರ್ ಅವನನ್ನು ಬಿಟ್ಟುಹೋದರು, ಪಶ್ಚಾತ್ತಾಪ ಪಡುವಂತೆ ಹೇಳಿ. ಕೆಡುಕನ್ನು ತಡೆಯುವುದು ಕರ್ತವ್ಯ ಎಂದ ಅದೇ ಧರ್ಮ, ಆ ಕರ್ತವ್ಯಕ್ಕೆ ಒಂದು ಬೇಲಿಯನ್ನೂ ಹಾಕಿದೆ. ಬಾರಿನ ಎದುರು ಮೊಬೈಲ್ ಹಿಡಿದು ನಿಂತು, ಒಳಗಿಂದ ಬರುವ ತಮ್ಮವರ ಹುಡುಗರ ಚಿತ್ರ ತೆಗೆದು ಊರಿಗೆಲ್ಲ ಹಂಚುವವರು ಈ ಬೇಲಿಯನ್ನು ಯಾವ ಕಡೆಯಿಂದ ದಾಟಿದ್ದಾರೆ ಎಂದು ಯೋಚಿಸಬೇಕು.

ಹಾಗಾದರೆ ಕಠಿಣ ಮಾತು ಎಲ್ಲಿಗೂ ಇಲ್ಲವೇ? ಇದೆ, ಮತ್ತು ಅದು ನಾವು ನೋಡಲು ಇಷ್ಟಪಡದ ಕಡೆಗೆ ಇದೆ. ತಿರ್ಮಿದಿಯ ಹದೀಸ್ ಸಂಗ್ರಹದಲ್ಲಿ ಮದ್ಯದ ವಿಷಯದಲ್ಲಿ ಹತ್ತು ಜನರ ಪಟ್ಟಿಯಿದೆ. ಹಿಂಡುವವನು, ಹಿಂಡಿಸುವವನು, ಕುಡಿಯುವವನು, ಹೊರುವವನು, ಯಾರಿಗಾಗಿ ಹೊರಲಾಯಿತೋ ಅವನು, ಬಡಿಸುವವನು, ಮಾರುವವನು, ಅದರ ಬೆಲೆಯನ್ನು ತಿನ್ನುವವನು, ಕೊಳ್ಳುವವನು, ಯಾರಿಗಾಗಿ ಕೊಳ್ಳಲಾಯಿತೋ ಅವನು. ಹತ್ತರಲ್ಲಿ ಕುಡಿಯುವವನು ಒಬ್ಬ. ಉಳಿದವರಲ್ಲಿ ಹೆಚ್ಚಿನವರು ಬಾರಿನ ಬಾಗಿಲಲ್ಲಿ ಕಾಣಸಿಗುವುದಿಲ್ಲ. ನಮ್ಮ ಬೈಗುಳವೆಲ್ಲ ಆ ಒಬ್ಬನಿಗೆ ಮೀಸಲು. ಬೆಲೆ ತಿನ್ನುವವನಿಗೆ ಸಭೆಯಲ್ಲಿ ಮುಂದಿನ ಕುರ್ಚಿ.

ಬೆಲೆ ತಿನ್ನುವವರು ಯಾರು? ಬಾರಿಗೆ ಮಳಿಗೆ ಬಾಡಿಗೆ ಕೊಟ್ಟವರು ಒಬ್ಬರು. ಮುಖ್ಯರಸ್ತೆಯ ಮಳಿಗೆಗೆ ಬೇಕರಿಯವನು ಕೊಡುವ ಬಾಡಿಗೆಗಿಂತ ಬಾರಿನವನು ಕೊಡುವುದು ಹೆಚ್ಚು, ಮುಂಗಡವೂ ದೊಡ್ಡದು. ಮಾಲೀಕರಲ್ಲಿ ಎಲ್ಲ ಧರ್ಮದವರೂ ಇದ್ದಾರೆ. ಈ ಪ್ರಶ್ನೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಹನಫಿ ಗ್ರಂಥ ಹಿದಾಯಾದಲ್ಲಿಯೇ ಇದರ ಚರ್ಚೆ ಇದೆ. ಮುಸ್ಲಿಮೇತರರೇ ಹೆಚ್ಚಾಗಿರುವ ಇರಾಕಿನ ಹಳ್ಳಿಗಾಡಿನಲ್ಲಿ ಒಬ್ಬ ತನ್ನ ಮನೆಯನ್ನು ಮದ್ಯ ಮಾರಲು ಬಾಡಿಗೆಗೆ ಕೊಟ್ಟರೆ ಅಡ್ಡಿಯಿಲ್ಲ ಎಂಬುದು ಇಮಾಮ್ ಅಬೂ ಹನೀಫಾರ ಅಭಿಪ್ರಾಯ. ಬಾಡಿಗೆ ಇರುವುದು ಮನೆಗೆ, ಪಾಪ ಇರುವುದು ಬಾಡಿಗೆದಾರನ ಕೃತ್ಯದಲ್ಲಿ, ನಡುವೆ ಅವನ ಸ್ವಂತ ಆಯ್ಕೆಯಿದೆ ಎಂಬ ತರ್ಕ. ಅವರ ಇಬ್ಬರು ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಒಪ್ಪಲಿಲ್ಲ, ಇದು ಪಾಪಕ್ಕೆ ನೆರವು ಎಂದರು. ಗುರು ಶಿಷ್ಯರ ನಡುವಿನ ಈ ಭಿನ್ನಮತವನ್ನು ಗ್ರಂಥಗಳು ಮರೆಮಾಚದೆ ದಾಖಲಿಸಿಕೊಂಡು ಬಂದಿವೆ. ಅಭಿಪ್ರಾಯ ಭೇದವೇ ಪಾಪ ಎಂದುಕೊಳ್ಳುವವರು ಇದನ್ನು ಓದಬೇಕು.

ಕಾನೂನಿನ ತರ್ಕದಲ್ಲಿ ಗುರುವಿನ ಮಾತಿಗೆ ಬಲವಿರಬಹುದು. ಆದರೆ ನಾಯಂಡಹಳ್ಳಿಯಂಥ ಬೀದಿಯಲ್ಲಿ, ಆ ಮಳಿಗೆಯ ಬಾಡಿಗೆ ಎಲ್ಲಿಂದ ಬರುತ್ತದೆಂದು ಮಾಲೀಕನಿಗೆ ಪ್ರತಿದಿನ ಕಣ್ಣಿಗೆ ಕಾಣುವಾಗ, ಶಿಷ್ಯರ ಮಾತೇ ಮನಸ್ಸಾಕ್ಷಿಗೆ ಹತ್ತಿರ ಎಂದು ನಮಗೆ ಅನಿಸುತ್ತದೆ. ಬಾರಿನ ಖಾಲಿ ಬಾಟಲಿಗಳನ್ನು ಕೊಳ್ಳುವ ಗುಜರಿಯವನ ಪ್ರಶ್ನೆ ಇದಕ್ಕಿಂತ ದೂರದ್ದು. ಅವನು ಮದ್ಯವನ್ನು ಮುಟ್ಟುವುದಿಲ್ಲ, ಮುಗಿದುಹೋದ ಕಸವನ್ನು ಊರಿನಿಂದ ಎತ್ತುತ್ತಾನೆ. ಅವನನ್ನೂ ಬಾರಿನ ಮಾಲೀಕನನ್ನೂ ಒಂದೇ ತಕ್ಕಡಿಗೆ ಹಾಕುವುದು ವಿವೇಕವಲ್ಲ. ಆದರೆ ತನ್ನ ಶೆಡ್ಡಿನ ಕೂಲಿಯವನಿಗೆ ಸಂಜೆ ಬಟವಾಡೆ ಮಾಡಿ ಆತ ನೇರ ಬಾರಿಗೆ ನಡೆಯುವುದನ್ನು ನೋಡಿ, ಥೂ ಎಂದು ಉಗಿಯುವ ಧಣಿ ತನ್ನ ಪಾಲನ್ನು ಕೇಳಿಕೊಳ್ಳಬೇಕು. ಹತ್ತು ಜನರಿಗೆ ಒಂದು ಕೋಣೆ ಕೊಟ್ಟವನು ಅವನೇ.

ಇನ್ನು ಎಲ್ಲಕ್ಕಿಂತ ದೊಡ್ಡ ಬೆಲೆ ತಿನ್ನುವವನು ಸರಕಾರ. ಸಂವಿಧಾನದ 47ನೇ ವಿಧಿ ಪಾನನಿಷೇಧದತ್ತ ಪ್ರಯತ್ನಿಸಬೇಕೆಂದು ಸರಕಾರಕ್ಕೆ ನಿರ್ದೇಶಿಸುತ್ತದೆ. ಕರ್ನಾಟಕದ 2025-26ರ ಬಜೆಟ್ ಅಬಕಾರಿಯಿಂದ 40,000 ಕೋಟಿ ರೂಪಾಯಿ ಸಂಗ್ರಹದ ಗುರಿ ಇಟ್ಟುಕೊಂಡಿತು. ಗುರಿ ಎಂದರೆ ಏನು? ಇಷ್ಟು ಕುಡಿಸಲೇಬೇಕು ಎಂದರ್ಥ. 2023ರಿಂದ ಗೃಹಲಕ್ಷ್ಮಿಯಡಿ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಬರುತ್ತಿದೆ, ಅದು ಒಳ್ಳೆಯ ಕೆಲಸ. ಅದೇ ಮನೆಯ ಗಂಡಸಿನಿಂದ ಅಷ್ಟನ್ನೂ ಅದಕ್ಕಿಂತ ಹೆಚ್ಚನ್ನೂ ಇನ್ನೊಂದು ಕೈ ವಸೂಲು ಮಾಡಿಕೊಳ್ಳುತ್ತದೆ. 2025ರ ಮಾರ್ಚ್‌ನಲ್ಲಿ ಶಾಸಕರೊಬ್ಬರು ಕುಡಿಯುವ ಗಂಡಸರಿಗೆ ವಾರಕ್ಕೆ ಎರಡು ಬಾಟಲಿ ಉಚಿತ ಕೊಡಿ ಎಂದು ವಿಧಾನಸಭೆಯಲ್ಲೇ ಹೇಳಿದರು. 2020ರ ಲಾಕ್‌ಡೌನಿನಲ್ಲಿ ಮಸೀದಿ ಮಂದಿರಗಳ ಬಾಗಿಲು ಮುಚ್ಚಿದ್ದಾಗಲೇ, ಮೇ 4ರಂದು ಮದ್ಯದಂಗಡಿಗಳು ತೆರೆದವು. ಆ ಉದ್ದುದ್ದ ಸಾಲುಗಳನ್ನು ನೋಡಿ ನಾಡು ನಕ್ಕಿತು. ಸಾಲಿನಲ್ಲಿ ನಿಂತವರನ್ನು ನೋಡಿ ನಕ್ಕೆವು, ಸಾಲು ಹಚ್ಚಿದವರನ್ನು ಕೇಳಲಿಲ್ಲ.

ಹಾಗಿದ್ದರೆ ಪೂರ್ತಿ ನಿಷೇಧವೇ ಮದ್ದೇ? ಅದರ ಅನುಭವವೂ ನಮಗಿದೆ. ಕರ್ನಾಟಕ 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು. ಪೊಟ್ಟಣದ ಸಾರಾಯಿ ಹೋಯಿತು, ಕುಡಿತ ಹೋಗಲಿಲ್ಲ. ಅದೇ ಮನುಷ್ಯ ಹೆಚ್ಚು ಹಣ ಕೊಟ್ಟು ಅಗ್ಗದ ವಿಸ್ಕಿಗೆ ಹೊರಳಿದ. ಮರುವರ್ಷ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿಯಲ್ಲಿ ವಿಷಮದ್ಯ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಸಾರಾಯಿ ಕಾನೂನುಬದ್ಧವಾಗಿದ್ದ 1981ರಲ್ಲೂ ಇದೇ ಬೆಂಗಳೂರಿನಲ್ಲಿ ಮಿಥೈಲ್ ಆಲ್ಕೊಹಾಲ್ ಬೆರೆತ ಮದ್ಯ ಮುನ್ನೂರಕ್ಕೂ ಹೆಚ್ಚು ಬಡವರ ಪ್ರಾಣ ತೆಗೆದಿತ್ತು. ಅಂದರೆ ಅನುಮತಿ ಇದ್ದರೂ ನಿಷೇಧ ಇದ್ದರೂ ಸಾಯುವವನು ಅವನೇ. ಬಿಹಾರದಲ್ಲಿ 2016ರ ಏಪ್ರಿಲ್‌ನಿಂದ ಪಾನನಿಷೇಧವಿದೆ. ಅಲ್ಲಿನ ಬಹಳಷ್ಟು ಹೆಣ್ಣುಮಕ್ಕಳು ಅದನ್ನು ಸ್ವಾಗತಿಸಿದರು. ಅದೇ ವೇಳೆ ಲಕ್ಷಗಟ್ಟಲೆ ಜನ ಬಂಧನಕ್ಕೊಳಗಾದರು, ಜೈಲುಗಳು ಬಡವರಿಂದ ತುಂಬಿದವು. ನಿಷೇಧ ಬೇಡ ಎಂಬ ವಾದಕ್ಕಾಗಿ ನಾವು ಇದನ್ನು ಹೇಳುತ್ತಿಲ್ಲ. ಹೆಂಗಸರು ಕೇಳುವ ನಿಷೇಧವನ್ನು ಸರಕಾರ ಕೊಟ್ಟರೂ, ಅದರ ಜೊತೆ ಬೇರೆ ಕೆಲಸಗಳು ಆಗದಿದ್ದರೆ ಹೊರೆ ಮತ್ತೆ ಅದೇ ಹೆಂಗಸರ ತಲೆಯ ಮೇಲೆ ಬೀಳುತ್ತದೆ ಎಂಬುದಷ್ಟೇ ನಮ್ಮ ಮಾತು. ಗಂಡ ಜೈಲಿಗೆ ಹೋದರೆ ವಕೀಲರ ಬಾಗಿಲಿಗೆ ಅಲೆಯುವವಳು ಅವಳೇ.

ಆ ಬೇರೆ ಕೆಲಸಗಳು ಯಾವುವು? ಕೂಲಿಯವನು ಕೇಳಿದ ಪ್ರಶ್ನೆಗೆ ಮೊದಲು ಉತ್ತರ ಬೇಕು. ಕೂತು ನಾಲ್ಕು ಮಾತಾಡಲು ಅವನಿಗೆ ಎಲ್ಲಿ ಜಾಗ? ನಾಯಂಡಹಳ್ಳಿಯಂಥ ಕಡೆ ಕಾರ್ಮಿಕನಿಗೆ ಉದ್ಯಾನವಿಲ್ಲ, ವಾಚನಾಲಯವಿಲ್ಲ, ಹಣ ಕೊಡದೆ ಒಂದು ಗಂಟೆ ಕೂರಬಹುದಾದ ಬೆಂಚಿಲ್ಲ. ನಮ್ಮ ಮಸೀದಿಗಳ ಅಂಗಳ ಇಶಾ ನಮಾಜಿನ ನಂತರ ಬೀಗ ಹಾಕಿಕೊಳ್ಳುತ್ತದೆ. ಸಮುದಾಯ ಭವನಗಳು ಮದುವೆಗೆ ಮಾತ್ರ ತೆರೆಯುತ್ತವೆ. ಸಂಜೆಗೆ ಒಂದು ಲೋಟ ಚಹಾ, ಒಂದು ಪತ್ರಿಕೆ, ಒಂದು ಕೇರಂ ಬೋರ್ಡು ಇರುವ ಕೋಣೆಯೊಂದನ್ನು ತೆರೆಯಲು ದೊಡ್ಡ ಹಣ ಬೇಡ. ಅದು ಎಲ್ಲ ಧರ್ಮದವರಿಗೂ ತೆರೆದಿರಬೇಕು. ಕುಡಿತ ಬಿಡಬೇಕೆನ್ನುವವನಿಗೆ ಉಪದೇಶಕ್ಕಿಂತ ಹೆಚ್ಚಾಗಿ ಚಿಕಿತ್ಸೆ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ವ್ಯಸನಮುಕ್ತಿ ವಿಭಾಗವಿದೆ. ಅಲ್ಲಿಗೆ ಒಬ್ಬನನ್ನು ಜೊತೆಗೆ ಕರೆದುಕೊಂಡು ಹೋಗಿ ಅವನ ಪರವಾಗಿ ಸಾಲಿನಲ್ಲಿ ನಿಲ್ಲುವುದು ಹತ್ತು ಭಾಷಣಕ್ಕಿಂತ ದೊಡ್ಡ ಕೆಲಸ. ಹೆಂಗಸು ದೂರು ಕೊಡಲು ಠಾಣೆಗೆ ಹೋಗುವಾಗ ಜಮಾಅತಿನವರು, ಬಡಾವಣೆಯವರು ಅವಳ ಜೊತೆ ಹೋಗಬೇಕು, ಅವಳನ್ನು ತಡೆಯಲು ಹೋಗಬಾರದು. ಮಳಿಗೆ ಇರುವವರು ಬಾರಿಗೆ ಕೊಡುವುದಿಲ್ಲ ಎಂದು ತೀರ್ಮಾನಿಸಿ ಆ ಬಾಡಿಗೆಯ ಕೊರತೆಯನ್ನು ತಾವೇ ಹೊರಬೇಕು.

ಬಾರಿನ ಬಗೆಗಿನ ನಾನಾ ಅಭಿಪ್ರಾಯಗಳನ್ನು ತೂಗುವ ಎರಡನೆಯ ನಿಯಮ ಇದರಿಂದ ದೊರೆಯುತ್ತದೆ. ಆ ಅಭಿಪ್ರಾಯಕ್ಕಾಗಿ ಹೇಳುವವನು ಏನನ್ನಾದರೂ ಕಳೆದುಕೊಳ್ಳಲು ಸಿದ್ಧನೇ ಎಂದು ಕೇಳಬೇಕು. ಬಾರನ್ನು ಹೊಗಳುವವನು ಅಲ್ಲಿನ ಖರ್ಚನ್ನು ಹೆಂಡತಿ ಮಕ್ಕಳ ಲೆಕ್ಕಕ್ಕೆ ಬರೆದಿದ್ದರೆ ಅವನ ಸಮಾನತೆ ಸಾಲದ ಸಮಾನತೆ. ಬಾರನ್ನು ತೆಗಳುವವನು ಒಂದು ರೂಪಾಯಿಯನ್ನೂ ಒಂದು ಸಂಜೆಯನ್ನೂ ಬಿಡಲು ತಯಾರಿಲ್ಲದಿದ್ದರೆ ಅವನ ನೀತಿಯೂ ಅಷ್ಟೇ. ಚಿತ್ರದುರ್ಗದಿಂದ ನಡೆದ ಹೆಂಗಸರು ದಿನಗಟ್ಟಲೆ ಕೂಲಿ ಬಿಟ್ಟು ನಡೆದರು. ಅವರ ಮಾತಿಗೆ ತೂಕ ಬಂದದ್ದು ಅದರಿಂದ.

ಮದ್ಯವನ್ನು ಕೆಡುಕು ಎನ್ನುವುದರಲ್ಲಿ ನಾವು ಹಿಂಜರಿಯಬೇಕಾಗಿಲ್ಲ. ಪಬ್ಬಿನ ಕುಡಿತ, ಕ್ಲಬ್ಬಿನ ಕುಡಿತ, ನಾಯಂಡಹಳ್ಳಿಯ ಕುಡಿತ ಎಲ್ಲವನ್ನೂ ಒಂದೇ ದನಿಯಲ್ಲಿ ಹಾಗೆ ಕರೆಯೋಣ. ಆದರೆ ರಾತ್ರಿ ಹನ್ನೊಂದರ ಹೊತ್ತಿಗೆ ಆ ಬಾಗಿಲಿನಿಂದ ತೂರಾಡುತ್ತ ಹೊರಬರುವವನ ಹೆಸರು ಅಬ್ದುಲ್ಲಾ ಆಗಿರಬಹುದು, ಆನಂದ ಆಗಿರಬಹುದು. ಅವನು ಯಾರನ್ನು ಎಷ್ಟು ಪ್ರೀತಿಸುತ್ತಾನೆ ಎಂಬುದು ನಮಗೆ ಗೊತ್ತಿಲ್ಲ. ಅವನು ಚರಂಡಿಗೆ ಬೀಳದಂತೆ ತೋಳು ಹಿಡಿಯುವುದು, ಮನೆ ಮುಟ್ಟಿದ ಮೇಲೆ ಅವನು ಹೆಂಡತಿಯ ಮೇಲೆ ಕೈ ಎತ್ತದಂತೆ ಅದೇ ತೋಳನ್ನು ಬಿಗಿಯಾಗಿ ಹಿಡಿಯುವುದು, ಎರಡೂ ನಮ್ಮ ಮೇಲಿರುವ ಹೊಣೆ. ಶಾಪ ಹಾಕುವುದು ಆ ಹೊಣೆಯಲ್ಲಿ ಸೇರಿಲ್ಲ.